ಜಾತ್ರೆಯಲ್ಲಿ ತಮ್ಮನಿಗೆ ಹೊಡೆದರು, ಠಾಣೆಯಲ್ಲಿ ರಾಜಿ ಅಂತಾರೆ. ಅಟ್ರಾಸಿಟಿ ಕಾಯಿದೆ ಗೊತ್ತಿರುವವರು ದಯವಿಟ್ಟು ಹೇಳಿ

ಹೊಲದದಾರಿ · ಭಾನುವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ. ಊರಿನ ಹೆಸರು ಬರೆಯುವುದಿಲ್ಲ, ಮನೆಯವರು ಇನ್ನೂ ಅಲ್ಲೇ ಇದ್ದಾರೆ.

ಕಳೆದ ಗುರುವಾರ ನಮ್ಮೂರ ಜಾತ್ರೆ. ಚಿಕ್ಕಪ್ಪನ ಮಗನಿಗೆ ಹತ್ತೊಂಬತ್ತು ವರ್ಷ. ತೇರು ಬರುವಾಗ ಫೋಟೋ ತೆಗೆಯಲು ಗುಡಿಯ ಕಟ್ಟೆ ಹತ್ತಿ ನಿಂತಿದ್ದಾನೆ. ನಾಲ್ಕು ಜನ ಬಂದು ಕೆಳಗೆಳೆದು ದೊಣ್ಣೆಯಿಂದ ಹೊಡೆದಿದ್ದಾರೆ. ಜಾತಿ ಹಿಡಿದು ಬೈದಿದ್ದಾರೆ. ಸುತ್ತ ಇನ್ನೂರು ಜನ ಇದ್ದರಂತೆ. ಬಿಡಿಸಲು ಬಂದದ್ದು ಒಬ್ಬರೇ, ಹೂ ಮಾರುವ ಅಜ್ಜಿ.

ಶುಕ್ರವಾರ ಚಿಕ್ಕಪ್ಪ ಠಾಣೆಗೆ ಹೋದರು. 'ಹುಡುಗರ ಜಗಳ, ಎರಡೂ ಕಡೆಯವರನ್ನ ಕರೆಸಿ ರಾಜಿ ಮಾಡಿಸ್ತೀವಿ' ಅಂದರಂತೆ. ಬಿಳಿ ಹಾಳೆಯಲ್ಲಿ ಏನೋ ಬರೆಸಿಕೊಂಡು ಸಹಿ ಹಾಕಿಸಿಕೊಂಡಿದ್ದಾರೆ, ನಕಲು ಕೊಟ್ಟಿಲ್ಲ. ಶನಿವಾರದಿಂದ ಊರಿನ ಹಿಟ್ಟಿನ ಗಿರಣಿಯಲ್ಲಿ ನಮ್ಮ ಕೇರಿಯವರ ಜೋಳ ಬೀಸುತ್ತಿಲ್ಲ. ಕರೆಂಟ್ ಇಲ್ಲ ಅಂತಾರೆ, ಬೇರೆಯವರಿಗೆ ಬೀಸ್ತಾರೆ. ಅಂಗಡಿಯಲ್ಲಿ ಸಾಲವೂ ಇಲ್ಲ, ದುಡ್ಡು ಕೊಟ್ಟರೂ ಸಾಮಾನಿಲ್ಲ.

ತಮ್ಮ ಅಂತಾನೆ, 'ಅಣ್ಣ, ಬಿಟ್ಟುಬಿಡೋಣ.' ನನಗೆ ಬಿಡಲು ಆಗುತ್ತಿಲ್ಲ. ಏನು ಮಾಡಬೇಕು? ಎಲ್ಲಿಂದ ಶುರು ಮಾಡಬೇಕು?

ಕೋರ್ಟ್‌ಕಟ್ಟೆ · ಭಾನುವಾರ, ರಾತ್ರಿ 11:35

ಹೊಲದದಾರಿ ಅವರೇ, ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡ್ತೀನಿ. ತಮ್ಮನನ್ನು ಸರ್ಕಾರಿ ಆಸ್ಪತ್ರೆಗೆ ತೋರಿಸಿದಿರಾ? ಇಲ್ಲ ಅಂದರೆ ನಾಳೆ ಬೆಳಿಗ್ಗೆ ಮೊದಲು ಅದು. ಯಾರು ಹೊಡೆದರು, ಯಾವುದರಿಂದ ಹೊಡೆದರು ಅಂತ ಡಾಕ್ಟರಿಗೆ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ ಮಾಡಿಸಿ. ಬಾಸುಂಡೆ ನಾಲ್ಕು ದಿನದಲ್ಲಿ ಮಾಸಿ ಹೋಗುತ್ತೆ, ಕಾಗದ ಮಾಸಲ್ಲ.

ಆಮೇಲೆ ದೂರು. ರಾಜಿ ಮಾಡಿಸುವ ಅಧಿಕಾರ ಠಾಣೆಗಿಲ್ಲ. ಅಟ್ರಾಸಿಟಿ ಕಾಯಿದೆಗೆ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ, 2018ರಲ್ಲಿ ಸೇರಿಸಿದ 18ಎ ಸೆಕ್ಷನ್ ಸ್ಪಷ್ಟವಾಗಿದೆ. ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ, ಬಂಧಿಸಲು ಯಾರ ಅನುಮತಿಯೂ ಬೇಕಿಲ್ಲ. ಇದೇ ಕಾಯಿದೆಯ 1995ರ ನಿಯಮಗಳಲ್ಲಿ 5ನೇ ನಿಯಮ ಓದಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಬೇಕು, ಓದಿ ಹೇಳಬೇಕು, ಸಹಿ ಪಡೆಯಬೇಕು, ನಕಲನ್ನು ಪುಕ್ಕಟೆ ಕೊಡಬೇಕು. ಠಾಣೆಯವರು ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ.

ಬೇಕೆಂದೇ ಕರ್ತವ್ಯ ಮಾಡದ ಅಧಿಕಾರಿಗೆ 4ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಒಂದು ವರ್ಷ ಜೈಲು ಇದೆ, ಅಧಿಕಾರಿ ಪರಿಶಿಷ್ಟ ಜಾತಿ ಪಂಗಡದವರಲ್ಲದಿದ್ದರೆ. ಅದಕ್ಕೆ ಮೊದಲು ಇಲಾಖಾ ವಿಚಾರಣೆಯ ಶಿಫಾರಸು ಬೇಕು, ಹಾಗಾಗಿ ಜಾಸ್ತಿ ಬಳಕೆಯಾಗುವುದಿಲ್ಲ. ಆದರೂ ದೂರಿನ ಕೊನೆಗೆ '4ನೇ ಸೆಕ್ಷನ್ ನಮಗೆ ಗೊತ್ತಿದೆ' ಅನ್ನುವ ಅರ್ಥದ ಒಂದು ಸಾಲು ಇದ್ದರೆ ಠಾಣೆಯ ಮಾತಿನ ಧಾಟಿ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾಳೆ ಬೆಳಿಗ್ಗೆ 14566ಕ್ಕೂ ಫೋನ್ ಮಾಡಿ. ದೌರ್ಜನ್ಯ ತಡೆಗೆ 2021ರ ಡಿಸೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ ಅದು, ಶುಲ್ಕ ಇಲ್ಲ. ದೂರಿಗೆ ಒಂದು ನಂಬರ್ ಕೊಡ್ತಾರೆ.

ಬಿಳಿಜೋಳ · ಸೋಮವಾರ, ಬೆಳಿಗ್ಗೆ 6:20

ಒಂದು ಮಾತು ಸೇರಿಸಬೇಕು. ಬೈದ ಮಾತನ್ನು ಹಾಗೇ ಬರೆಸಿ.

ನಮ್ಮ ಮನೆಯ ಕೇಸು ಬಿದ್ದದ್ದು ಇದರಿಂದಲೇ. ನಮ್ಮಪ್ಪ ಆ ಮಾತನ್ನು ಬಾಯಲ್ಲಿ ಹೇಳಲು ನಾಚಿಕೊಂಡರು. 'ಜಾತಿ ಎತ್ತಿ ಕೆಟ್ಟದಾಗಿ ಬೈದರು' ಅಂತಷ್ಟೇ ಬರೆಸಿದರು. ಕೋರ್ಟಿನಲ್ಲಿ ಆ ಕಡೆಯ ವಕೀಲರು, 'ಯಾವ ಮಾತು? ದೂರಿನಲ್ಲೇ ಇಲ್ಲವಲ್ಲ' ಅಂದರು. ಅಲ್ಲಿಗೆ ಮುಗಿಯಿತು.

ಆ ಮಾತನ್ನು ಇನ್ನೊಬ್ಬರ ಮುಂದೆ ಮತ್ತೆ ಹೇಳುವುದು, ಅವರು ಅದನ್ನು ಬರೆಯುವುದನ್ನು ನೋಡುತ್ತಾ ಕೂರುವುದು, ಅದು ಇನ್ನೊಂದು ಏಟು ತಿಂದ ಹಾಗೆ. ನನಗೆ ಗೊತ್ತು. ಆದರೂ ಬರೆಸಿ. ಎಲ್ಲಿ ನಿಂತು ಬೈದರು, ಯಾರ್ಯಾರು ಕೇಳಿಸಿಕೊಂಡರು, ಅದೂ ಇರಲಿ.

ಕೋರ್ಟ್‌ಕಟ್ಟೆ · ಸೋಮವಾರ, ಬೆಳಿಗ್ಗೆ 7:05

ಬಿಳಿಜೋಳ ಹೇಳಿದ್ದು ನೂರಕ್ಕೆ ನೂರು ಸರಿ. 2023ರಲ್ಲಿ ಉತ್ತರ ಪ್ರದೇಶದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಆಡಿದ ಮಾತೇನು ಅನ್ನುವುದು ಕನಿಷ್ಠ ಚಾರ್ಜ್‌ಶೀಟ್‌ನಲ್ಲಾದರೂ ಇರಬೇಕು ಅಂತ.

ಇನ್ನೊಂದು, 'ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ' ಅನ್ನುವ ಷರತ್ತು. 3(1)(ಆರ್) ಅಂದರೆ ಅವಮಾನ, 3(1)(ಎಸ್) ಅಂದರೆ ಜಾತಿ ಹೆಸರು ಹಿಡಿದು ಬೈಯುವುದು. ಎರಡಕ್ಕೂ ಇದು ಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತಿಗೆ ಈ ಸೆಕ್ಷನ್ ನಿಲ್ಲುವುದಿಲ್ಲ ಅಂತ 2020ರ ಹಿತೇಶ್ ವರ್ಮಾ ತೀರ್ಪು ಹೇಳಿತು. ನಿಮ್ಮದು ತೇರಿನ ದಿನ, ಗುಡಿಯ ಕಟ್ಟೆ. ಇದಕ್ಕಿಂತ ಬಯಲು ಜಾಗ ಬೇಕಾ? ಹೊಡೆದದ್ದಕ್ಕೆ 3(2)(ವಿಎ) ಬೇರೆ ಸೇರಬೇಕು. ಗುಡಿ, ತೇರು, ಜಾತ್ರೆಯಿಂದ ತಡೆದರೆ 3(1)(ಝಡ್‌ಎ).

ಗಿರಣಿ ವಿಷಯವನ್ನು ದಯವಿಟ್ಟು ಸಣ್ಣದು ಅನ್ನಬೇಡಿ. ಸಾಮಾಜಿಕ, ಆರ್ಥಿಕ ಬಹಿಷ್ಕಾರ 3(1)(ಝಡ್‌ಸಿ) ಪ್ರಕಾರ ಅದೇ ಒಂದು ಅಪರಾಧ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಸೇರಿಸಿತು. ಪ್ರತ್ಯೇಕವಾಗಿ ಬರೆಸಿ. ದಿನಾಂಕ, ಸಮಯ, ಯಾರು ಹೋಗಿದ್ದರು, ಏನು ಉತ್ತರ ಬಂತು, ಆಗ ಯಾರ ಜೋಳ ಬೀಸುತ್ತಿದ್ದರು.

ನೇರಮಾತು · ಸೋಮವಾರ, ಬೆಳಿಗ್ಗೆ 9:40

ಹುಡುಗನಿಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಾಯಿದೆಯ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮ ಸೋದರಮಾವನ ಹೊಲದ ಬದುವಿನ ಜಗಳಕ್ಕೆ ಅಟ್ರಾಸಿಟಿ ಕೇಸು ಹಾಕಿದರು. ಅವರು ಯಾರಿಗೂ ಜಾತಿ ಹಿಡಿದು ಬೈದವರಲ್ಲ. ಮೂರು ವರ್ಷ ಕೋರ್ಟಿಗೆ ಅಲೆದರು. ನಿರೀಕ್ಷಣಾ ಜಾಮೀನಿಲ್ಲ, ಅಂದರೆ ಬಂಧನಕ್ಕೆ ಮೊದಲೇ ಜಾಮೀನು ಸಿಗಲ್ಲ ಅನ್ನುವುದು ಎಷ್ಟು ಭಯ ಹುಟ್ಟಿಸುತ್ತೆ ಗೊತ್ತಾ? ದುರ್ಬಳಕೆ ಬಗ್ಗೆ ಮಾತಾಡಿದರೆ ನಮ್ಮನ್ನೇ ಜಾತಿವಾದಿ ಅಂತಾರೆ.

ಕೋರ್ಟ್‌ಕಟ್ಟೆ · ಸೋಮವಾರ, ಮಧ್ಯಾಹ್ನ 1:15

ನೇರಮಾತು ಅವರೇ, ನಿಮ್ಮ ಮಾವನ ಕಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ಊಟದ ವಿರಾಮದಲ್ಲಿ ಬರೆಯುತ್ತಿದ್ದೇನೆ, ಆದಷ್ಟು ಹೇಳ್ತೀನಿ.

ನೀವು ಹೇಳಿದಂಥ ಜಗಳಕ್ಕೆ ಉತ್ತರ ಕಾನೂನಿನ ಒಳಗೇ ಇದೆ. ಮೇಲೆ ಹೇಳಿದ ಹಿತೇಶ್ ವರ್ಮಾ ಕೇಸೇ ಜಮೀನಿನ ತಕರಾರು. ಜಗಳ ಜಾತಿಯ ಕಾರಣಕ್ಕಲ್ಲ, ಆಸ್ತಿಗೆ ಅಂತ ಸುಪ್ರೀಂ ಕೋರ್ಟ್ ಅಟ್ರಾಸಿಟಿ ಆರೋಪವನ್ನು ರದ್ದು ಮಾಡಿತು. ಜಾಮೀನಿನ ವಿಷಯಕ್ಕೆ ಬಂದರೆ, 2020ರ ಫೆಬ್ರವರಿಯಲ್ಲಿ 18ಎ ಸೆಕ್ಷನ್ನನ್ನು ಎತ್ತಿಹಿಡಿದಾಗಲೇ ಕೋರ್ಟ್ ಇನ್ನೊಂದು ಮಾತು ಹೇಳಿದೆ. ದೂರಿನಲ್ಲಿ ಮೇಲ್ನೋಟಕ್ಕೇ ಹುರುಳಿಲ್ಲದಿದ್ದರೆ ನಿರೀಕ್ಷಣಾ ಜಾಮೀನಿಗೆ ಅಡ್ಡಿ ಇಲ್ಲ.

ಇನ್ನು ಲೆಕ್ಕ. 2022ರಲ್ಲಿ ದೇಶದಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧಗಳೆಂದು ದಾಖಲಾದ ಕೇಸುಗಳು 57,582. ಕೇಂದ್ರ ಸರ್ಕಾರದ ವರದಿ ಪ್ರಕಾರ ಆ ವರ್ಷ ಪರಿಶಿಷ್ಟ ಜಾತಿಯವರ ಕೇಸುಗಳಲ್ಲಿ ಶೇ 60ರಷ್ಟಕ್ಕೆ ಚಾರ್ಜ್‌ಶೀಟ್ ಆಗಿದೆ. ಸುಳ್ಳು ದೂರು ಅಥವಾ ಸಾಕ್ಷ್ಯ ಸಾಲದು ಅಂತ ಮುಚ್ಚಿದ್ದು ಶೇ 15ಕ್ಕೂ ಕಡಿಮೆ. 'ಸಾಕ್ಷ್ಯ ಸಾಲದು' ಕೂಡ ಅದರಲ್ಲೇ ಸೇರಿದೆ, ಗಮನಿಸಿ. ಶಿಕ್ಷೆಯ ಪ್ರಮಾಣ ಸುಮಾರು ಶೇ 32. ಖುಲಾಸೆ ಆದದ್ದೆಲ್ಲ ಸುಳ್ಳು ಕೇಸು ಅನ್ನುವವರು ಒಂದು ಸಲ ಹಳ್ಳಿಯ ಕೋರ್ಟಿಗೆ ಬಂದು ಕೂರಬೇಕು. ಸಾಕ್ಷಿ ಕಟಕಟೆಯಲ್ಲಿ ನಿಂತವನು ಯಾರ ಮುಖ ನೋಡಿ ಮಾತು ಬದಲಿಸುತ್ತಾನೆ ಅಂತ ಕಾಣುತ್ತೆ.

ನಿವೃತ್ತಮೇಷ್ಟ್ರು · ಸೋಮವಾರ, ಸಂಜೆ 5:30

ಸಾಕ್ಷಿಯ ಮಾತು ಬಂತಲ್ಲ, ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕೋಲಾರದ ಕಡೆಯವನು. ಕಂಬಾಲಪಲ್ಲಿ ನೆನಪಿದೆಯಾ? ಚಿಂತಾಮಣಿ ತಾಲ್ಲೂಕು. 2000ನೇ ಇಸವಿ ಮಾರ್ಚ್ 11. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ನಾನು ಪಕ್ಕದ ತಾಲ್ಲೂಕಿನಲ್ಲಿ ಪಾಠ ಮಾಡುತ್ತಿದ್ದೆ. ಮಾರನೇ ವಾರ ಶಾಲೆಯಲ್ಲಿ ಮಕ್ಕಳು 'ಸಾರ್, ಯಾಕೆ ಸುಟ್ಟರು?' ಅಂತ ಕೇಳಿದರು. ನನಗೆ ಉತ್ತರ ಹೇಳಲು ಆಗಲಿಲ್ಲ. ಇಡೀ ರಾಜ್ಯ ಅಲ್ಲಾಡಿತು, ಮಂತ್ರಿಗಳು ಬಂದರು, ಮೆರವಣಿಗೆಗಳಾದವು. ಆಮೇಲೆ ಏನಾಯಿತು? ವಿಚಾರಣೆ ಬರುವಷ್ಟರಲ್ಲಿ ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋಗಿದೆ, ಕಾನೂನಿನ ಲೆಕ್ಕದಲ್ಲಿ ಯಾರೂ ಕೊಂದಿಲ್ಲ.

ಆ ಸಾಕ್ಷಿಗಳನ್ನು ನಾನು ಬೈಯುವುದಿಲ್ಲ. ಬೆಳಿಗ್ಗೆ ಎದ್ದರೆ ಅದೇ ಬಾವಿ, ಅದೇ ಕೂಲಿ, ಅದೇ ದಾರಿ. ಆರು ವರ್ಷ ಕಾಯಿಸಿ, ಆಮೇಲೆ ಬಂದು ನಿಜ ಹೇಳು ಅಂದರೆ ಹೊಟ್ಟೆಗೆ ಏನು ಮಾಡಬೇಕು ಅವರು?

ಈಗ ಮರಕುಂಬಿ ನೋಡಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. 2014ರ ಆಗಸ್ಟ್. ಹೋಟೆಲ್, ಕ್ಷೌರದಂಗಡಿಗೆ ದಲಿತರನ್ನು ಸೇರಿಸುವುದಿಲ್ಲ ಅನ್ನುವ ಹಳೇ ಬೇಗುದಿ ಇತ್ತು. ಸಿನಿಮಾ ಟಾಕೀಸಿನಲ್ಲಿ ಶುರುವಾದ ಜಗಳ ಊರಿಗೆ ಬಂತು. ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನರಿಗೆ ಶಿಕ್ಷೆ ವಿಧಿಸಿತು. 98 ಜನರಿಗೆ ಜೀವಾವಧಿ. ಉಳಿದ ಮೂವರಿಗೆ ಐದು ವರ್ಷ. ಆ ಮೂವರು ಸ್ವತಃ ಪರಿಶಿಷ್ಟ ಜಾತಿ ಪಂಗಡದವರು, ಅವರಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಅದೂ ಸತ್ಯ, ಅದನ್ನೂ ಹೇಳಬೇಕು.

ಎರಡೂ ಕಡೆ ಕಾಯಿದೆ ಒಂದೇ. 1989ರ ಕಾಯಿದೆ. ಒಂದು ಕಡೆ ಸಾಕ್ಷಿ ಉಳಿಯಲಿಲ್ಲ, ಇನ್ನೊಂದು ಕಡೆ ಹತ್ತು ವರ್ಷ ಉಳಿಯಿತು. ಹೊಲದದಾರಿ, ಸೆಕ್ಷನ್‌ಗಳನ್ನು ವಕೀಲರು ನೋಡಿಕೊಳ್ಳುತ್ತಾರೆ. ನೀವು ಆ ಹೂವಿನ ಅಜ್ಜಿಯನ್ನು ನೋಡಿಕೊಳ್ಳಿ. ಅವರ ಹೂವನ್ನು ಯಾರು ಕೊಳ್ಳುತ್ತಿದ್ದಾರೆ ಈಗ?

ಹೊಲದದಾರಿ · ಸೋಮವಾರ, ರಾತ್ರಿ 9:10

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆ ಓದಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಜ್ಜಿಯ ಹತ್ತಿರ ಯಾರೂ ಹೂ ತಗೊಳ್ಳುತ್ತಿಲ್ಲವಂತೆ. ಗುಡಿ ಮುಂದೆ ಕೂರಬೇಡ ಅಂದಿದ್ದಾರಂತೆ. ಅಜ್ಜಿ ನಮ್ಮ ಜಾತಿಯವರಲ್ಲ. ನನಗೆ ಇದು ತಲೆಗೇ ಹೊಳೆದಿರಲಿಲ್ಲ.

ಆಸ್ಪತ್ರೆಗೆ ತೋರಿಸಿದ್ದಾಯಿತು. ಎಂಎಲ್‌ಸಿ ಆಗಿದೆ. 14566ಕ್ಕೆ ಮಾಡಿದೆ, ದೂರಿನ ನಂಬರ್ ಬಂತು. ನಾಳೆ ರಜೆ ಹಾಕಿ ಊರಿಗೆ ಹೋಗ್ತಿದ್ದೀನಿ.

ಓಲೇಥದಿಂದ · ಮಂಗಳವಾರ, ಬೆಳಿಗ್ಗೆ 8:00

ನಾನು ದಾವಣಗೆರೆಯವಳು, ಹದಿಮೂರು ವರ್ಷದಿಂದ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿದ್ದೇನೆ. ಈ ಚರ್ಚೆ ಓದುತ್ತಾ ಇಲ್ಲಿನದೊಂದು ನೆನಪಾಯಿತು.

2017ರ ಫೆಬ್ರವರಿ 22. ಓಲೇಥದ ಒಂದು ಬಾರಿನಲ್ಲಿ ಇಬ್ಬರು ಭಾರತೀಯ ಇಂಜಿನಿಯರ್‌ಗಳು ಕೂತಿದ್ದರು. ಒಬ್ಬ ಬಂದು 'ನನ್ನ ದೇಶದಿಂದ ತೊಲಗಿ' ಅಂತ ಕಿರುಚಿದ. ಹೊರಗೆ ಕಳಿಸಿದರು. ಬಂದೂಕು ಹಿಡಿದು ವಾಪಸ್ ಬಂದ. ಹೈದರಾಬಾದ್ ಕಡೆಯ ಶ್ರೀನಿವಾಸ್ ಕೂಚಿಭೊಟ್ಲ ತೀರಿಕೊಂಡರು. ಅವರ ಗೆಳೆಯನಿಗೆ ಗಾಯ. ತಡೆಯಲು ಹೋದ ಸ್ಥಳೀಯ ವ್ಯಕ್ತಿಗೂ ಗುಂಡು ಬಿತ್ತು. ಆ ವಾರ ನಾವು ಕನ್ನಡ ಮಾತಾಡುವುದನ್ನೂ ಅಂಗಡಿಯಲ್ಲಿ ನಿಲ್ಲಿಸಿದ್ದೆವು. ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ಬರುವವರೆಗೆ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ರಾಜ್ಯದ ಕೋರ್ಟಿನಲ್ಲಿ ಕೊಲೆ ಕೇಸಿಗೆ ಜೀವಾವಧಿ ಆಯಿತು. ಅದು ಸಾಕಿತ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕೇಂದ್ರ ಸರ್ಕಾರ 2009ರ ದ್ವೇಷಾಪರಾಧ ಕಾಯಿದೆಯಲ್ಲಿ ಬೇರೆ ಕೇಸು ನಡೆಸಿತು. ಮ್ಯಾಥ್ಯೂ ಶೆಪರ್ಡ್, ಜೇಮ್ಸ್ ಬರ್ಡ್ ಎಂಬ ಇಬ್ಬರ ಹೆಸರಿನ ಕಾಯಿದೆ ಅದು. ಇಬ್ಬರೂ 1998ರಲ್ಲಿ ಕೊಲೆಯಾದವರು. ಒಬ್ಬ ಸಲಿಂಗಿ ವಿದ್ಯಾರ್ಥಿ, ಇನ್ನೊಬ್ಬರು ಕಪ್ಪು ಜನಾಂಗದವರು. 2018ರ ಆಗಸ್ಟ್‌ನಲ್ಲಿ ಆ ಕೇಸಿನಲ್ಲೂ ಜೀವಾವಧಿ ಬಂತು. 'ಅವರ ಜನಾಂಗ, ಮೂಲ, ಧರ್ಮ ನೋಡಿ ಕೊಂದ' ಅಂತ ಕೋರ್ಟಿನ ಕಾಗದದ ಮೇಲೆ ಬಂತು. ಅದು ಬಂದಾಗ ನಮಗೆ ಆದ ಸಮಾಧಾನವನ್ನು ಹೇಗೆ ಹೇಳಲಿ? ಯಾವುದೋ ಬಾರ್ ಜಗಳ ಅಲ್ಲ, ನಮ್ಮೆಲ್ಲರ ಮೇಲೆ ಎಸೆದ ಕಲ್ಲು ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತು.

ಅಲ್ಲೂ ಕೇಸನ್ನು ಗಟ್ಟಿ ಮಾಡಿದ್ದು ಅವನು ಕಿರುಚಿದ ಮಾತು, ಕೇಳಿಸಿಕೊಂಡವರ ಸಾಕ್ಷಿ. ಬಿಳಿಜೋಳ ಹೇಳಿದ್ದು ಅದಕ್ಕೇ ಮನಸ್ಸಿಗೆ ತಟ್ಟಿತು. ಪೊಲೀಸರು 'ಹುಡುಗರ ಜಗಳ' ಅಂತ ಬರೆದುಕೊಂಡರೆ ನಿಮ್ಮ ತಮ್ಮನಿಗೆ ಆದದ್ದರ ಅರ್ಧ ಅಳಿಸಿಹೋಗುತ್ತೆ.

ಕೋರ್ಟ್‌ಕಟ್ಟೆ · ಮಂಗಳವಾರ, ಬೆಳಿಗ್ಗೆ 9:25

ತುಂಬ ಒಳ್ಳೆಯ ಮಾತು. ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ. ಅಮೆರಿಕದಲ್ಲಿ 'ಈ ಕಾರಣಕ್ಕೇ ಹೊಡೆದ' ಅಂತ ಸಾಬೀತಾಗಬೇಕು. ನಮ್ಮಲ್ಲೂ ದೊಡ್ಡ ಅಪರಾಧಗಳಿಗೆ ಮೊದಲು ಹಾಗೇ ಇತ್ತು. ಆಂಧ್ರದ ಒಬ್ಬ ಅಂಧ ದಲಿತ ಯುವತಿಯ ಮೇಲಾದ ಅತ್ಯಾಚಾರದ ಕೇಸಿನಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಅತ್ಯಾಚಾರದ ಶಿಕ್ಷೆ ಉಳಿಸಿತು, ಅಟ್ರಾಸಿಟಿ ಶಿಕ್ಷೆ ತೆಗೆಯಿತು. ಜಾತಿಯೇ ಕಾರಣ ಅನ್ನುವುದಕ್ಕೆ ಪ್ರತ್ಯೇಕ ಸಾಕ್ಷ್ಯ ಇರಲಿಲ್ಲ. ಹೆಣ್ಣು, ಅಂಧೆ, ದಲಿತೆ, ಇವುಗಳಲ್ಲಿ ಯಾವ ಕಾರಣಕ್ಕೆ ಅಂತ ಬಿಡಿಸಿ ತೋರಿಸುವುದು ಹೇಗೆ ಅಂತ ಕೋರ್ಟೇ ಆ ತೀರ್ಪಿನಲ್ಲಿ ನೋವಿನಿಂದ ಕೇಳಿಕೊಂಡಿದೆ. ಘಟನೆ ಹಳೆಯದು, ಹಾಗಾಗಿ ಹಳೇ ಕಾನೂನೇ ಅನ್ವಯವಾಯಿತು. 2016ರ ತಿದ್ದುಪಡಿ ಆದ ಮೇಲೆ, ಎದುರಿನವರು ಪರಿಶಿಷ್ಟ ಜಾತಿಯವರು ಅಂತ 'ಗೊತ್ತಿದ್ದು' ಮಾಡಿದರೆ ಸಾಕು. ಪರಿಚಯ ಇತ್ತು ಅಂತ ತೋರಿಸಿದರೆ ಗೊತ್ತಿತ್ತು ಅಂತಲೇ ಕೋರ್ಟ್ ಭಾವಿಸಬೇಕು. ಒಂದೇ ಊರಿನವರಿಗೆ ಯಾರ ಕೇರಿ ಯಾವುದು ಅಂತ ಗೊತ್ತಿಲ್ಲ ಅನ್ನಲು ಆಗುತ್ತಾ?

ಕಡಲತಡಿ · ಮಂಗಳವಾರ, ಬೆಳಿಗ್ಗೆ 11:10

ಒಂದು ಪ್ರಶ್ನೆ. ಧರ್ಮ ನೋಡಿ ಹೊಡೆದರೆ? ನಮ್ಮ ಕಡೆ ಬಸ್ಸಿನಲ್ಲಿ ಯಾರ ಜೊತೆ ಕೂತಿದ್ದೀಯ ಅಂತ ಕೇಳಿ ಹೊಡೆಯುತ್ತಾರೆ. ಈಶಾನ್ಯದ ಹುಡುಗರಿಗೆ, ಹೊರರಾಜ್ಯದ ಕೂಲಿಯವರಿಗೆ? ಅವರಿಗೆ ಯಾವ ಕಾಯಿದೆ? 2012ರ ಆಗಸ್ಟ್‌ನಲ್ಲಿ ಬೆಂಗಳೂರು ಸಿಟಿ ಸ್ಟೇಷನ್‌ನಲ್ಲಿ ನಾನಿದ್ದೆ. ಮೊಬೈಲಿನಲ್ಲಿ ಬಂದ ಸುಳ್ಳು ಸುದ್ದಿಗೆ ಹೆದರಿ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಣಿಪುರದ ಹುಡುಗಿ ಬಾಡಿಗೆಯ ಮುಂಗಡವನ್ನೂ ಕೇಳದೆ ಹೊರಟುಹೋದಳು. ತಿರುಗಿ ಬರಲೇ ಇಲ್ಲ.

ಕೋರ್ಟ್‌ಕಟ್ಟೆ · ಮಂಗಳವಾರ, ರಾತ್ರಿ 8:45

ಕಡಲತಡಿ, ಅಲ್ಲಿ ನಮ್ಮ ಕಾನೂನು ತೆಳ್ಳಗಿದೆ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯಲ್ಲಿ ಹೊಡೆತಕ್ಕೆ ಸತ್ತ ಮೇಲೆ ಬೆಜ್‌ಬರುವಾ ಸಮಿತಿ ಹೊಸ ಕಾನೂನು ಬೇಕು ಅಂದಿತು, ಅದು ಬರಲಿಲ್ಲ. ಗುಂಪು ಹತ್ಯೆಗಳ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಯ ನೋಡಲ್ ಅಧಿಕಾರಿ ಇರಬೇಕು ಅಂತ ಆದೇಶ ಮಾಡಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 103(2) ಬಂತು. ಐದು ಅಥವಾ ಜಾಸ್ತಿ ಜನ ಸೇರಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಜಾಗ, ಭಾಷೆ, ವೈಯಕ್ತಿಕ ನಂಬಿಕೆ ನೋಡಿ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. 'ಧರ್ಮ' ಅನ್ನುವ ಪದವೇ ಆ ಪಟ್ಟಿಯಲ್ಲಿಲ್ಲ, ನೋಡಿ. ಸಮುದಾಯ, ನಂಬಿಕೆ ಅನ್ನುವುದರೊಳಗೆ ಸೇರಿಸಿ ವಾದ ಮಾಡಬೇಕು. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ರಾಜ್ಯದ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಗೆ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಒತ್ತು ಮಾತಿನ ಮೇಲೆ ಜಾಸ್ತಿ. ಯಾವುದು ದ್ವೇಷದ ಮಾತು ಅಂತ ಠಾಣೆಯೇ ತೀರ್ಮಾನಿಸಿದರೆ ಏನಾಗುತ್ತೆ ಅನ್ನುವ ಭಯ ನನಗೂ ಇದೆ. ಅದು ಬೇರೆ ಚರ್ಚೆಗೇ ಹಾಕಬೇಕಾದ ವಿಷಯ.

ಹೊಲದದಾರಿ · ಬುಧವಾರ, ರಾತ್ರಿ 11:20

ಇವತ್ತು ಎಫ್‌ಐಆರ್ ಆಯಿತು.

ಬೆಳಿಗ್ಗೆ ಹತ್ತಕ್ಕೆ ಹೋದೆವು, ರಾತ್ರಿ ಎಂಟಕ್ಕೆ ನಕಲು ಕೈಗೆ ಬಂತು. ತಮ್ಮ ಆ ಮಾತನ್ನು ಹೇಳುವಾಗ ತಲೆ ತಗ್ಗಿಸಿದ್ದ. ಎರಡನೇ ಸಲ ಹೇಳಿ ಅಂದಾಗ ತಲೆ ಎತ್ತಿ ಹೇಳಿದ. ಗಿರಣಿ ವಿಷಯ 'ಅದೇನು ದೊಡ್ಡದು' ಅಂದರು. 3(1)(ಝಡ್‌ಸಿ) ಅಂತ ಬರೆದ ಚೀಟಿ ತೋರಿಸಿದೆ. ಫೋನ್ ಮಾಡಿ ಯಾರನ್ನೋ ಕೇಳಿದರು, ಆಮೇಲೆ ಸೇರಿಸಿಕೊಂಡರು.

ಒಂದು ಕೆಟ್ಟ ಸುದ್ದಿ. ಅವರ ಕಡೆಯಿಂದ ಕೌಂಟರ್ ಕೇಸು ಬಂದಿದೆ. ತಮ್ಮ ಕಲ್ಲು ಹೊಡೆದ, ಹೆಂಗಸರ ಫೋಟೋ ತೆಗೆದ ಅಂತ.

ಕೆರೆಏರಿ · ಗುರುವಾರ, ಬೆಳಿಗ್ಗೆ 6:45

ಸಮಾಜ ಕಲ್ಯಾಣ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತಿಯಾದವಳು ನಾನು. ಇಷ್ಟು ದಿನ ಓದುತ್ತಿದ್ದೆ. ಈಗ ನನ್ನ ಭಾಗ ಬಂತು.

ಕೌಂಟರ್ ಕೇಸಿಗೆ ಹೆದರಬೇಡಿ, ಎಲ್ಲ ಊರಲ್ಲೂ ಅದು ಬಂದೇ ಬರುತ್ತೆ. 'ನೀನೂ ಬಿಡು, ನಾವೂ ಬಿಡ್ತೀವಿ' ಅನ್ನಲು ಹಾಕುವ ಕೇಸು ಅದು. ತಮ್ಮನ ಫೋನನ್ನು ಜೋಪಾನ ಮಾಡಿ, ಫೋಟೋಗಳನ್ನು ಅಳಿಸಬೇಡಿ. ಅದೇ ಅವನ ಸಾಕ್ಷಿ.

ಎಫ್‌ಐಆರ್ ಆಯಿತಲ್ಲ, ಇನ್ನು ಪರಿಹಾರ. ಇದು ಭಿಕ್ಷೆ ಅಲ್ಲ, ನಿಯಮ 12(4). ಏಳು ದಿನದೊಳಗೆ ವ್ಯವಸ್ಥೆ ಆಗಬೇಕು. ಅಪರಾಧ ನೋಡಿ 85 ಸಾವಿರದಿಂದ 8 ಲಕ್ಷದ 25 ಸಾವಿರದವರೆಗೆ ಅಂತ 2016ರ ನಿಯಮದಲ್ಲಿದೆ. ಜಾತಿನಿಂದನೆ, ಅವಮಾನದ ಸೆಕ್ಷನ್‌ಗಳಿಗೆ 1 ಲಕ್ಷ. ಕಾಲು ಭಾಗ ಎಫ್‌ಐಆರ್ ಆದಾಗ, ಅರ್ಧ ಚಾರ್ಜ್‌ಶೀಟ್ ಆದಾಗ, ಉಳಿದ ಕಾಲು ಶಿಕ್ಷೆ ಆದಾಗ. ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಎಫ್‌ಐಆರ್ ನಕಲು, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಯವರು, 60 ದಿನದಲ್ಲಿ ಮುಗಿಸಬೇಕು. ನಮ್ಮ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ, ಅಂದರೆ ಡಿಸಿಆರ್‌ಇಗೆ 2025ರಲ್ಲಿ ಸ್ವಂತ ಪೊಲೀಸ್ ಠಾಣೆಗಳು ಬಂದಿವೆ. ನಿಮ್ಮ ಜಿಲ್ಲೆಯ ಠಾಣೆ ಎಲ್ಲಿದೆ ಕೇಳಿ. ವಕೀಲರ ಖರ್ಚಿಗೆ ಯೋಚಿಸಬೇಡಿ. ಪರಿಶಿಷ್ಟ ಜಾತಿಯವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, 15100 ನಂಬರ್. ಆರೋಪಿ ಜಾಮೀನು ಕೇಳಿದಾಗ ನಿಮ್ಮ ಮಾತನ್ನೂ ಕೋರ್ಟ್ ಕೇಳಬೇಕು, ಅದು 15ಎ ಸೆಕ್ಷನ್.

ಇನ್ನು ಯಾರೂ ಹೇಳದ ವಿಷಯ. ಪ್ರತಿ ಜಿಲ್ಲೆಯಲ್ಲೂ ಡಿಸಿ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ. ಮೂರು ತಿಂಗಳಿಗೊಮ್ಮೆ ಸಭೆ ಆಗಲೇಬೇಕು. ಆ ಸಭೆಯ ಟಿಪ್ಪಣಿ ತಯಾರು ಮಾಡುತ್ತಿದ್ದವಳು ನಾನೇ. ಎಷ್ಟೋ ಕೇಸುಗಳು ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದವು, 'ತನಿಖೆಯಲ್ಲಿದೆ' ಅಂತ. ಯಾರಾದರೂ ಬರಹದಲ್ಲಿ ಕೊಟ್ಟಿದ್ದರೆ ಮಾತ್ರ ಚರ್ಚೆ ಆಗುತ್ತಿತ್ತು. ಗಿರಣಿ, ಅಂಗಡಿ, ಹೂವಿನ ಅಜ್ಜಿ ಮೂರನ್ನೂ ಬರೆದು ಡಿಸಿ ಕಚೇರಿಗೆ ಕೊಡಿ. ಊರಿನಲ್ಲಿ ಶಾಂತಿ ಸಭೆ ಮಾಡಿಸಿ, ಗಿರಣಿ ತೆರೆಸಿ ಅಂತ ತಹಶೀಲ್ದಾರರಿಗೆ ಹೇಳುವ ಅಧಿಕಾರ ಅವರಿಗಿದೆ.

ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಮಗು ಮಳೆಗೆ ಗುಡಿಯೊಳಗೆ ಓಡಿತು ಅಂತ 25 ಸಾವಿರ ದಂಡ ಕೇಳಿದ್ದರು. ಅಧಿಕಾರಿಗಳು ಊರಿಗೆ ಹೋಗಿ ಕೂತರು, ಕೇಸೂ ಆಯಿತು. ಮರುವರ್ಷ ಏಪ್ರಿಲ್ 14ರಂದು ಸರ್ಕಾರ 'ವಿನಯ ಸಾಮರಸ್ಯ' ಅನ್ನುವ ಕಾರ್ಯಕ್ರಮವನ್ನೂ ಶುರು ಮಾಡಿತು. ಗ್ರಾಮ ಪಂಚಾಯ್ತಿಗಳಲ್ಲಿ ಅಸ್ಪೃಶ್ಯತೆ ವಿರುದ್ಧ ಅರಿವು ಮೂಡಿಸಲು. ನಿಮ್ಮ ಪಂಚಾಯ್ತಿಯಲ್ಲಿ ಅದು ನಡೆದಿದೆಯಾ, ಕೇಳಿ.

ನೇರಮಾತು · ಗುರುವಾರ, ರಾತ್ರಿ 9:30

ಎಲ್ಲ ಓದಿದೆ. ನನ್ನ ಮಾವನ ಕೇಸಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಇವತ್ತು ಅವರಿಗೆ ಫೋನ್ ಮಾಡಿ ಒಂದು ಮಾತು ಕೇಳಿದೆ. ಆ ಮೂರು ವರ್ಷದಲ್ಲಿ ನಿಮಗೆ ಗಿರಣಿ ನಿಂತಿತ್ತಾ ಅಂತ. ಇಲ್ಲ ಅಂದರು.

ಹೊಲದದಾರಿ, ನಿಮ್ಮ ಊರು ಯಾವ ಕಡೆ ಅಂತ ಖಾಸಗಿ ಸಂದೇಶದಲ್ಲಿ ಹೇಳಿ. ಹತ್ತಿರವಾದರೆ ನಮ್ಮ ಚಿಕ್ಕ ಗಿರಣಿ ಇದೆ.

ಹೊಲದದಾರಿ · ನಾಲ್ಕು ತಿಂಗಳ ನಂತರ

ಸುದ್ದಿ ಹೇಳದೆ ತಡ ಮಾಡಿದೆ, ಕ್ಷಮಿಸಿ.

ಚಾರ್ಜ್‌ಶೀಟ್ ಆಯಿತು, 60 ದಿನ ಅಲ್ಲ, 94 ದಿನಕ್ಕೆ. ಮೊದಲ ಕಂತು 25 ಸಾವಿರ ಐದನೇ ವಾರದಲ್ಲಿ ಬಂತು. ಡಿಸಿ ಕಚೇರಿಗೆ ಬರೆದು ಕೊಟ್ಟ ಮೇಲೆ ತಹಶೀಲ್ದಾರರು ಊರಿಗೆ ಬಂದರು. ಅಂಗಡಿ ತೆರೆದಿದೆ. ಗಿರಣಿಯವರು ಮಾತ್ರ ಮಿಷನ್ ಕೆಟ್ಟಿದೆ ಅಂತ ಎಲ್ಲರಿಗೂ ನಿಲ್ಲಿಸಿಬಿಟ್ಟಿದ್ದಾರೆ. ಚಿಕ್ಕಮ್ಮ ವಾರಕ್ಕೊಂದು ಸಲ ಬಸ್ಸಲ್ಲಿ ಜೋಳ ಒಯ್ಯುತ್ತಾರೆ. ನೇರಮಾತು ಅವರ ಗಿರಣಿಗೇ.

ಅಜ್ಜಿ ಈಗ ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರ್ತಾರೆ. ನಮ್ಮ ಕೇರಿಯವರು ದಿನಾ ಎರಡು ಮೊಳ ತಗೊಳ್ತಾರೆ, ಬೇಕಿರಲಿ ಬಿಡಲಿ. ಸಾಕ್ಷಿ ಹೇಳಲು ಬರ್ತೀರಾ ಅಂತ ಕೇಳಿದೆ. 'ನೋಡಿದ್ದು ಹೇಳೋಕೆ ಏನಪ್ಪಾ' ಅಂದರು. ಸೋಮವಾರ ವಿಚಾರಣೆ ಶುರು, ಜಿಲ್ಲಾ ಕೋರ್ಟು, 70 ಕಿಲೋಮೀಟರ್.

ಕೋರ್ಟ್‌ಕಟ್ಟೆ ಅವರೇ, ಅಜ್ಜಿಗೆ ಬಸ್ ಚಾರ್ಜು, ಒಂದು ದಿನದ ವ್ಯಾಪಾರ ಎರಡೂ ಹೋಗುತ್ತೆ. ನಾನು ಕೊಟ್ಟರೆ 'ದುಡ್ಡು ಕೊಟ್ಟು ಸಾಕ್ಷಿ ಹೇಳಿಸಿದರು' ಅಂತಾರಾ?

ಕೋರ್ಟ್‌ಕಟ್ಟೆ · ಅದೇ ದಿನ, ರಾತ್ರಿ 10:15

ಅಂತಾರೆ. ನೀವು ಕೊಡಬೇಡಿ. 11ನೇ ನಿಯಮ ಇದೆ. ಸಾಕ್ಷಿಗೆ ಹೋಗಿ ಬರುವ ಬಸ್ ಚಾರ್ಜು, ಆ ದಿನಕ್ಕೆ ಕನಿಷ್ಠ ಕೂಲಿಗೆ ಕಡಿಮೆ ಇಲ್ಲದ ಭತ್ಯೆ, ಊಟದ ಖರ್ಚು, ಎಲ್ಲ ಸರ್ಕಾರದ್ದು. ತಕ್ಷಣ ಕೊಡಬೇಕು, ತಡ ಆದರೆ ಮೂರು ದಿನದೊಳಗೆ. ವಯಸ್ಸಾದವರು ಅಂದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಬಹುದು, ಅವರ ಖರ್ಚೂ ಸೇರುತ್ತೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸರ್ಕಾರಿ ಅಭಿಯೋಜಕರ ಕೊಠಡಿ ಮುಂದೆ ಇರಿ, ಅರ್ಜಿ ನಮೂನೆ ಕಳಿಸ್ತೀನಿ.

ಅಜ್ಜಿಗೆ ಹೇಳಿ, ಬಸ್ ಟಿಕೆಟ್ ಬಿಸಾಡಬಾರದು. ಹೋಗೋದು, ಬರೋದು ಎರಡೂ.